ಹಸುವಿಗೆ ಚುಚ್ಚಿದ ನೋವಿನ ಔಷಧ, ಹತ್ತಾರು ಮೈಲಿ ಆಚೆಯ ರಣಹದ್ದು

ಪ್ರಶ್ನೆ: ನಮ್ಮಲ್ಲಿ ಐದು ಹಸು, ಎರಡು ಎಮ್ಮೆ ಇವೆ. ಕಳೆದ ತಿಂಗಳು ಒಂದು ಹಸುವಿಗೆ ಕೆಚ್ಚಲು ಬಾವು ಬಂದು ಜ್ವರ ಏರಿತು. ಪಶುವೈದ್ಯರು ಬೆಳಿಗ್ಗೆ ಆ್ಯಂಟಿಬಯೋಟಿಕ್ ಜೊತೆ ಮೆಲಾಕ್ಸಿಕ್ಯಾಮ್ ಕೊಟ್ಟು ಹೋದರು. ಮಧ್ಯಾಹ್ನದವರೆಗೂ ಹಸು ಮೇವು ಮುಟ್ಟಲಿಲ್ಲ. ಪಕ್ಕದ ಮನೆಯವರು ಮೆಡಿಕಲ್ ಶಾಪಿನಿಂದ ಮನುಷ್ಯರಿಗೆ ಕೊಡುವ ಡೈಕ್ಲೋಫೆನಾಕ್ ತಂದು ಚುಚ್ಚಿಸಿದರು. ಸಂಜೆಗೆ ಹಸು ಚೇತರಿಸಿಕೊಂಡಿತು. ಆ ಔಷಧದಿಂದ ರಣಹದ್ದುಗಳು ಸತ್ತವು, ರಣಹದ್ದು ಸತ್ತಿದ್ದರಿಂದ ಐದು ಲಕ್ಷ ಜನ ಸತ್ತರು ಎಂದು ಮಗಳು ಎಲ್ಲೋ ಓದಿ ಬಂದು ನಮ್ಮ ಮೇಲೆ ರೇಗುತ್ತಿದ್ದಾಳೆ. ಇದು ನಿಜವೇ? ನಮ್ಮ ಕಡೆ ರಣಹದ್ದು ಕಂಡು ಇಪ್ಪತ್ತೈದು ವರ್ಷವಾಗಿರಬಹುದು. ಇಲ್ಲದ ಹಕ್ಕಿಗೋಸ್ಕರ ಕೆಲಸ ಮಾಡುವ ಔಷಧ ಬಿಡಬೇಕೆ? ಮೆಲಾಕ್ಸಿಕ್ಯಾಮ್ ಶಕ್ತಿ ಕಡಿಮೆಯದಲ್ಲವೇ? ಹಾಲಿಗೇನಾದರೂ ತೊಂದರೆಯಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಹೆಣೆದುಕೊಂಡಿವೆ: ಹಸು ನರಳಬಾರದು, ಮನೆಯವರು ಕುಡಿಯುವ ಹಾಲು ಕೆಡಬಾರದು, ತಿಳಿಯದೆ ಯಾರಿಗಾದರೂ ಕೇಡು ಮಾಡಿದೆವೇ ಎಂಬ ಅಳುಕು. ಮೂರೂ ನ್ಯಾಯವಾದವು. ಮೊದಲು ಹಸುವಿನ ವಿಷಯ ಹೇಳುತ್ತೇನೆ, ಏಕೆಂದರೆ ಆ ದಿನ ಹೆಚ್ಚು ಅಪಾಯದಲ್ಲಿದ್ದದ್ದು ಅದೇ.

ಮೆಲಾಕ್ಸಿಕ್ಯಾಮ್, ಡೈಕ್ಲೋಫೆನಾಕ್ ಎರಡೂ ಒಂದೇ ಗುಂಪಿನ ನೋವು ನಿವಾರಕಗಳು. ಒಂದರ ಮೇಲೊಂದು ಕೊಟ್ಟರೆ ಪರಿಣಾಮ ಇಮ್ಮಡಿಯಾಗುವುದಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚುತ್ತದೆ. ನಾಲ್ಕನೆಯ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಜ್ವರದಿಂದ ನೀರು ಕುಡಿಯದೆ ಒಣಗಿರುವ ಹಸುವಿಗೆ ಮೂತ್ರಪಿಂಡ ಕೈಕೊಡಬಹುದು. ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಜೊತೆ ಸೇರಿಸಿದರೂ ಇದೇ ಕತೆ. ನಿಮ್ಮ ಹಸು ಬಚಾವಾಗಿದೆ, ಸಂತೋಷ. ಆದರೆ ಸಂಜೆಯ ಚೇತರಿಕೆಯನ್ನು ಡೈಕ್ಲೋಫೆನಾಕ್ ಖಾತೆಗೆ ಜಮೆ ಮಾಡಬೇಡಿ. ಹಾಲು ಕೊಡುವ ಹಸುವಿಗೆ ಚರ್ಮದಡಿ ಚುಚ್ಚಿದ ಮೆಲಾಕ್ಸಿಕ್ಯಾಮ್ ರಕ್ತದಲ್ಲಿ ಗರಿಷ್ಠ ಮಟ್ಟ ತಲುಪಲು ಸುಮಾರು ನಾಲ್ಕು ಗಂಟೆ ಬೇಕು, ಆಮೇಲೆ ದಿನಕ್ಕೂ ಮೀರಿ ಅದು ದೇಹದಲ್ಲಿ ಉಳಿಯುತ್ತದೆ. ಬೆಳಿಗ್ಗೆ ಕೊಟ್ಟ ಮದ್ದು ಮಧ್ಯಾಹ್ನದ ಹೊತ್ತಿಗೆ ಹಿಡಿಯುತ್ತಿತ್ತು, ಅಷ್ಟರಲ್ಲಿ ಎರಡನೆಯದು ಒಳಹೋಯಿತು. ಆ್ಯಂಟಿಬಯೋಟಿಕ್ ಕೂಡ ಅದೇ ಹೊತ್ತಿಗೆ ಕೆಲಸ ಶುರುಮಾಡಿರುತ್ತದೆ.

ಮೆಲಾಕ್ಸಿಕ್ಯಾಮ್ ಶಕ್ತಿ ಕಡಿಮೆಯದು ಎಂಬ ಮಾತು ಹಳ್ಳಿಹಳ್ಳಿಯಲ್ಲೂ ಇದೆ. ಬಹಳ ಕಡೆ ಅದಕ್ಕೆ ಕಾರಣ ಪ್ರಮಾಣದ ಲೆಕ್ಕ. ದನಗಳಿಗೆ ಅದರ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 0.5 ಮಿಲಿಗ್ರಾಂ. 400 ಕಿಲೋ ಹಸುವಿಗೆ 200 ಮಿಲಿಗ್ರಾಂ ಆಯಿತು. ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 5 ಮಿಲಿಗ್ರಾಂ ಇರುತ್ತದೆ. ಹಾಗಾದರೆ 40 ಮಿಲಿಲೀಟರ್ ಬೇಕು. ದೊಡ್ಡ ಸಿರಿಂಜಿನಲ್ಲಿ ಎರಡು ಸಲ ತುಂಬಿ, ಮೂರು ನಾಲ್ಕು ಜಾಗದಲ್ಲಿ ಹಂಚಿ ಚುಚ್ಚಬೇಕಾದ ಕೆಲಸ. ಅವಸರದಲ್ಲಿ 15 ಮಿಲಿಲೀಟರ್ ಕೊಟ್ಟು ಹೋದರೆ ಹಸುವಿಗೆ ಸಿಕ್ಕಿದ್ದು 75 ಮಿಲಿಗ್ರಾಂ, ಬೇಕಾದದ್ದರ ಅರ್ಧವೂ ಅಲ್ಲ. ಅಷ್ಟು ಕೊಟ್ಟು ಔಷಧವನ್ನು ದೂರುವುದು ಸರಿಯಲ್ಲ. ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ಇರುವ ಗಟ್ಟಿ ದ್ರಾವಣವಾದರೆ 10 ಮಿಲಿಲೀಟರ್ ಸಾಕು. ಆದ್ದರಿಂದ ಬಾಟಲಿಯ ಮೇಲೆ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಈ ಅಂಕಿಯನ್ನು ಓದದೆ ‘ಎಷ್ಟು ಎಂಎಲ್’ ಎಂದು ಮಾತಾಡುವುದೇ ಅರ್ಥವಿಲ್ಲದ್ದು.

ತೂಕದ ಕಣ್ಣಂದಾಜು ಬಹುತೇಕ ತಪ್ಪುತ್ತದೆ. ದರ್ಜಿಯ ಟೇಪು ತೆಗೆದುಕೊಳ್ಳಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಭುಜದ ಮೂಳೆಯ ತುದಿಯಿಂದ ಹಿಂಭಾಗದ ಚಪ್ಪೆ ಮೂಳೆಯ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ. ಸುತ್ತಳತೆ 68, ಉದ್ದ 57 ಇಂಚು ಇದ್ದರೆ ಸುಮಾರು 400 ಕಿಲೋ. ಹಸು ನಾಲ್ಕೂ ಕಾಲು ಸಮನಾಗಿ ಊರಿ ನಿಂತಿರಲಿ; ತುಂಬು ಗಬ್ಬದ ಹಸುವಿಗೆ ಈ ಲೆಕ್ಕ ಸ್ವಲ್ಪ ಏರುಪೇರಾಗುತ್ತದೆ. ಈ ಅಂಕಿಯನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಟ್ಟು ವೈದ್ಯರಿಗೆ ತೋರಿಸಿ.

ಇನ್ನು ರಣಹದ್ದಿಗೆ ಬರೋಣ.

ಭರತಪುರದ ಕೇವಲಾದೇವ್ ಉದ್ಯಾನದಲ್ಲಿ 1990ರ ದಶಕದ ಕೊನೆಯಲ್ಲಿ ರಣಹದ್ದುಗಳು ಕುತ್ತಿಗೆ ಜೋತುಬಿಟ್ಟು ಕೂತಲ್ಲೇ ಸಾಯುತ್ತಿದ್ದುದು ದಾಖಲಾಯಿತು. ಕೀಟನಾಶಕ ಇರಬಹುದು, ವೈರಸ್ ಇರಬಹುದು, ಹಸಿವಿರಬಹುದು ಎಂದು ಹುಡುಕಿದರು. ಹಸಿವಂತೂ ಅಲ್ಲ, ಹೆಣಗಳು ಕೊಳೆತು ಬಿದ್ದಿದ್ದವು, ತಿನ್ನುವವರೇ ಇರಲಿಲ್ಲ. 1992ರಿಂದ 2007ರೊಳಗೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ 99.9ರಷ್ಟು ಇಲ್ಲವಾದವು, ಉದ್ದಕೊಕ್ಕಿನ ಮತ್ತು ಸಪೂರಕೊಕ್ಕಿನ ಜಾತಿಗಳಲ್ಲಿ ಶೇ 97ರಷ್ಟು. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದರೆ ಹೃದಯ, ಯಕೃತ್ತು, ಮೂತ್ರಪಿಂಡಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದರ. ಅದು ಯೂರಿಕ್ ಆಮ್ಲ. ಮೂತ್ರಪಿಂಡ ನಿಂತುಹೋದ ಗುರುತು.

ಉತ್ತರ ಸಿಕ್ಕಿದ್ದು ಪಾಕಿಸ್ತಾನದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ. ಮೂತ್ರಪಿಂಡ ಕೆಟ್ಟು ಸತ್ತ 25 ರಣಹದ್ದುಗಳಲ್ಲೂ ಡೈಕ್ಲೋಫೆನಾಕ್ ಇತ್ತು. ಬೇರೆ ಕಾರಣದಿಂದ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. ಹಕ್ಕಿಗಳು ನಮ್ಮಂತೆ ಯೂರಿಯಾ ರೂಪದಲ್ಲಿ ಸಾರಜನಕದ ಕಸ ಹೊರಹಾಕುವುದಿಲ್ಲ. ಯೂರಿಕ್ ಆಮ್ಲವಾಗಿ, ಮೂತ್ರಪಿಂಡದ ನಳಿಕೆಗಳ ಮೂಲಕ ಹೊರದೂಡುತ್ತವೆ. ಡೈಕ್ಲೋಫೆನಾಕ್ ಆ ದೂಡುವ ವ್ಯವಸ್ಥೆಯನ್ನೇ ಕಟ್ಟಿಹಾಕುತ್ತದೆ. ಮೇಲೆ ಹೇಳಿದ ಮೂರು ಜಾತಿಗಳ ಗುಂಪಿನ ರಣಹದ್ದುಗಳ ದೇಹ ಔಷಧವನ್ನು ಒಡೆದುಹಾಕುವುದೂ ಬಹಳ ನಿಧಾನ. ಕಟ್ಟಿದ್ದು ಬಿಡುವಷ್ಟರಲ್ಲಿ ಆಮ್ಲ ರಕ್ತದಲ್ಲಿ ಹರಳುಗಟ್ಟಿರುತ್ತದೆ. ತಿಂದ ಎರಡು ಮೂರು ದಿನದಲ್ಲಿ ಸಾವು. ಮೆಲಾಕ್ಸಿಕ್ಯಾಮನ್ನು ಅದೇ ಹಕ್ಕಿ ಬೇಗನೆ ಅರಗಿಸಿ ಹೊರಹಾಕುತ್ತದೆ, ವ್ಯತ್ಯಾಸ ಇಲ್ಲಿದೆ. ಅದೇ ಹೆಣ ತಿಂದ ನಾಯಿ ಸಾಯುವುದಿಲ್ಲ. ಅಮೆರಿಕದ ಟರ್ಕಿ ರಣಹದ್ದು ಕೂಡ ಸಾಯುವುದಿಲ್ಲ. ‘ನಾಯಿ ತಿಂದರೂ ಏನೂ ಆಗಲಿಲ್ಲ’ ಎಂಬ ಸಮಾಧಾನಕ್ಕೆ ಬೆಲೆಯಿಲ್ಲದಿರುವುದು ಇದರಿಂದ.

ಎಷ್ಟು ಸಾಕು ಎಂದರೆ, ಹಕ್ಕಿಯ ಪ್ರತಿ ಕಿಲೋ ತೂಕಕ್ಕೆ 0.1ರಿಂದ 0.2 ಮಿಲಿಗ್ರಾಂ. ಐದು ಕಿಲೋ ಹಕ್ಕಿಗೆ ಹೆಚ್ಚೆಂದರೆ ಒಂದು ಮಿಲಿಗ್ರಾಂ ಒಳಹೋದರೂ ಉಳಿಯುವುದು ಕಷ್ಟ. ಮನುಷ್ಯರಿಗೆಂದು ಮಾರುವ 3 ಮಿಲಿಲೀಟರ್ ಆಂಪೂಲ್ ಒಂದರಲ್ಲಿ 75 ಮಿಲಿಗ್ರಾಂ ಇರುತ್ತದೆ. ನಿಮ್ಮ ಹಸುವಿಗೆ ಇಂಥವು ಐದಾರಾದರೂ ಹೋಗಿರಬೇಕು. ಹಸು ಬದುಕಿದ್ದರಿಂದ ಆ ಔಷಧ ಕೆಲವು ದಿನಗಳಲ್ಲಿ ದೇಹದಿಂದ ಹೋಗಿದೆ, ಯಾವ ಹಕ್ಕಿಯನ್ನೂ ತಲುಪಿಲ್ಲ. ಇದನ್ನು ಮಗಳಿಗೂ ಹೇಳಿ. ಕೇಡಾಗುವುದು ಚುಚ್ಚಿಸಿಕೊಂಡ ರಾಸು ಎರಡು ಮೂರು ದಿನದೊಳಗೆ ಸತ್ತು, ಅದನ್ನು ಬಯಲಿಗೆ ಎಸೆದಾಗ. ದುರದೃಷ್ಟಕ್ಕೆ ನೋವಿನ ಔಷಧ ಹೆಚ್ಚು ಬಳಕೆಯಾಗುವುದೇ ಸಾಯುವ ಹಂತದ ರಾಸುಗಳಿಗೆ. ವೈದ್ಯರಿಗೆ ಬೇರೆ ದಾರಿ ಉಳಿದಿರುವುದಿಲ್ಲ, ಕೊನೆಗೆ ನೋವಾದರೂ ಕಡಿಮೆಯಾಗಲಿ ಎಂದು ಕೊಡುತ್ತಾರೆ.

‘ಇಲ್ಲದ ಹಕ್ಕಿಗೋಸ್ಕರ’ ಎಂದು ಕೇಳಿದ್ದೀರಿ. ಇಲ್ಲಿ ಗಣಿತ ನಮ್ಮ ಅಂದಾಜಿಗೆ ವಿರುದ್ಧವಾಗಿದೆ. ರಣಹದ್ದುಗಳ ಇಡೀ ಕುಸಿತಕ್ಕೆ ಎಷ್ಟು ಹೆಣಗಳಲ್ಲಿ ವಿಷವಿದ್ದರೆ ಸಾಕು ಎಂದು ಲೆಕ್ಕಹಾಕಿದಾಗ ಬಂದ ಉತ್ತರ: 130 ಹೆಣಗಳಿಗೆ ಒಂದರಿಂದ 760ಕ್ಕೆ ಒಂದು. ನೂರಕ್ಕೆ ಒಂದೂ ಬೇಡ. ಒಂದೇ ಹೆಣಕ್ಕೆ ಹತ್ತಾರು ಹಕ್ಕಿ ಇಳಿಯುತ್ತವೆ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದು ಮೊಟ್ಟೆ, ಮರಿ ಬೆಳೆದು ತಾನೇ ಗೂಡು ಕಟ್ಟಲು ಸುಮಾರು ಐದು ವರ್ಷ. ಊರಿನ ನೂರು ಮನೆಯಲ್ಲಿ ತೊಂಬತ್ತೊಂಬತ್ತು ಮನೆಯವರು ಸರಿಯಾಗಿ ನಡೆದುಕೊಂಡರೂ ಉಳಿದ ಒಂದು ಮನೆ ಸಾಕು. ನಿಮ್ಮ ತಲೆಯ ಮೇಲೆ ಹಕ್ಕಿ ಕಾಣದಿರುವುದೂ ಸಾಕ್ಷಿಯಲ್ಲ. ಮೇವು ಹುಡುಕಿ ದಿನಕ್ಕೆ ನೂರು ಕಿಲೋಮೀಟರ್ ಹಾರುವುದು ಇವುಗಳಿಗೆ ದೊಡ್ಡದಲ್ಲ. ಕರ್ನಾಟಕದಲ್ಲೇ ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಧಾಮ ಘೋಷಿಸಿದ್ದಾರೆ. ಬಂಡೀಪುರ, ನಾಗರಹೊಳೆ, ಅವುಗಳಿಗೆ ಹೊಂದಿಕೊಂಡ ಮುದುಮಲೆ ಮತ್ತು ವಯನಾಡು ಕಾಡುಗಳಲ್ಲಿ ಬಿಳಿಬೆನ್ನಿನವು ಉಳಿದಿವೆ. ಇಂಥ ಸಣ್ಣ ಗುಂಪಿಗೆ ಒಂದು ಹೆಣ ಎಷ್ಟು ದೊಡ್ಡ ಪೆಟ್ಟು ಎಂದು ನೀವೇ ಊಹಿಸಬಹುದು.

ಐದು ಲಕ್ಷ ಜನರ ಸಾವಿನ ವಿಷಯ. ಮಗಳು ಓದಿದ್ದು ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರ್ಯಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ದಲ್ಲಿ ಪ್ರಕಟಿಸಿದ ಸಂಶೋಧನೆ. ಡೈಕ್ಲೋಫೆನಾಕ್‌ನ ಪೇಟೆಂಟ್ ಮುಗಿದು 1990ರ ದಶಕದ ನಡುವಿನಲ್ಲಿ ಅಗ್ಗದ ಔಷಧ ಕೊಟ್ಟಿಗೆಗೆ ಬಂತು. ಅವರು ರಣಹದ್ದುಗಳಿಗೆ ಮೊದಲಿಂದ ಒಗ್ಗಿದ್ದ ಜಿಲ್ಲೆಗಳನ್ನೂ ಅಷ್ಟಾಗಿ ಒಗ್ಗದ ಜಿಲ್ಲೆಗಳನ್ನೂ ಪಕ್ಕಪಕ್ಕ ಇಟ್ಟು, ಅದಕ್ಕೆ ಮುಂಚೆ ಮತ್ತು ಆಮೇಲೆ ಜನರ ಮರಣ ಪ್ರಮಾಣ ಹೇಗೆ ಬದಲಾಯಿತು ಎಂದು ಹೋಲಿಸಿದರು. ಮೊದಲು ಎರಡೂ ಕಡೆ ಒಂದೇ ಹಾದಿಯಲ್ಲಿದ್ದ ಗೆರೆಗಳು ಆಮೇಲೆ ಕವಲೊಡೆದವು. ರಣಹದ್ದು ಕಳೆದುಕೊಂಡ ಜಿಲ್ಲೆಗಳಲ್ಲಿ ಮರಣ ಪ್ರಮಾಣ ಶೇ 4ಕ್ಕೂ ಹೆಚ್ಚು ಏರಿತು. 2000ದಿಂದ 2005ರವರೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಒಂದು ಲಕ್ಷ, ಒಟ್ಟು ಸುಮಾರು ಐದು ಲಕ್ಷ ಹೆಚ್ಚುವರಿ ಸಾವು. ಪರಿಣಾಮ ಹೆಚ್ಚು ಕಂಡದ್ದು ಜಾನುವಾರು ಹೆಚ್ಚಿದ್ದ ಕಡೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಓಡಾಡುತ್ತಿವೆ. ಒಂದು, ಐದು ಲಕ್ಷವೂ ನಾಯಿ ಕಚ್ಚಿ ಸತ್ತವರು ಎಂಬುದು. ಅಲ್ಲ. ಅದು ಎಲ್ಲ ಕಾರಣಗಳ ಒಟ್ಟು ಮರಣದ ಅಂಕಿ. ರೇಬೀಸ್ ಅದರ ಒಂದು ದಾರಿ: ಹೆಣ ಉಳಿದದ್ದರಿಂದ ನಾಯಿಗಳಿಗೆ ಊಟ ಹೆಚ್ಚಿತು, ರೇಬೀಸ್ ಲಸಿಕೆಯ ಮಾರಾಟ ಏರಿದ್ದೂ ಅವರ ಲೆಕ್ಕದಲ್ಲಿ ಕಾಣುತ್ತದೆ. ಇನ್ನೊಂದು ದಾರಿ ನೀರು. ಕೊಳೆತ ಹೆಣಗಳು ಹಳ್ಳಕೊಳ್ಳ ಸೇರಿದಲ್ಲಿ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಹೆಚ್ಚಿತು, ಕರಗಿದ ಆಮ್ಲಜನಕ ಇಳಿಯಿತು. ಎರಡನೆಯ ತಪ್ಪು, ಇದು ಒಬ್ಬೊಬ್ಬರ ಸಾವಿನ ಕಾರಣ ಹುಡುಕಿ ಎಣಿಸಿದ ಪಟ್ಟಿ ಎಂದು ಭಾವಿಸುವುದು. ಇದು ಜಿಲ್ಲೆಗಳ ಹೋಲಿಕೆಯಿಂದ ಬಂದ ಅಂದಾಜು. ಅಂಕಿ ಸ್ವಲ್ಪ ಆಚೀಚೆ ಆಗಬಹುದು. ಆದರೆ ಹೋಲಿಕೆಯ ವಿಧಾನ ಗಟ್ಟಿಯಾಗಿದೆ, ನೀರು ಮತ್ತು ಲಸಿಕೆಯ ಸುಳಿವುಗಳು ಒಂದೇ ದಿಕ್ಕಿಗೆ ತೋರುತ್ತಿವೆ. ಹಾಗಾಗಿ ನಾನು ಇದನ್ನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ರಣಹದ್ದಿನ ಹೊಟ್ಟೆಯ ಆಮ್ಲ ಬಹಳ ಪ್ರಖರ, ಅದರ ಪಿಎಚ್ ಒಂದರ ಆಸುಪಾಸು. ಒಂದು ಹಿಂಡು ಹಸುವಿನ ಹೆಣವನ್ನು ಒಂದು ಗಂಟೆಯೊಳಗೆ ಮೂಳೆಗಿಳಿಸಬಲ್ಲದು. ನಾಯಿಗಳು ಅದೇ ಕೆಲಸಕ್ಕೆ ದಿನಗಟ್ಟಲೆ ತೆಗೆದುಕೊಂಡು, ಅರ್ಧ ಬಿಟ್ಟು, ರೋಗವನ್ನು ಊರೊಳಗೆ ತರುತ್ತವೆ.

ಕಾನೂನಿನ ಮಾತು ಚಿಕ್ಕದು, ಆದರೆ ಹೆಸರುಗಳನ್ನು ನೆನಪಿಡಿ. ಪಶುಗಳಿಗೆ ಡೈಕ್ಲೋಫೆನಾಕ್ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು. ಮನುಷ್ಯರ ದೊಡ್ಡ ವೈಲ್‌ಗಳು ಕೊಟ್ಟಿಗೆಗೆ ಬರುತ್ತಿದ್ದವು ಎಂದು 2015ರಲ್ಲಿ ಅವನ್ನು ಒಂದೇ ಬಾರಿಗಾಗುವ 3 ಮಿಲಿಲೀಟರ್ ಪ್ಯಾಕಿಗೆ ಇಳಿಸಿದರು. ನಿಮ್ಮ ಪಕ್ಕದ ಮನೆಯವರು ಅಷ್ಟೊಂದು ಆಂಪೂಲ್ ಒಡೆಯಬೇಕಾದದ್ದು ಅದಕ್ಕೇ. 2023ರ ಜುಲೈಯಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್, 2024ರ ಡಿಸೆಂಬರಿನಲ್ಲಿ ನಿಮೆಸುಲೈಡ್ ಪಶುಬಳಕೆಗೆ ನಿಷೇಧವಾದವು. ಅಸಿಕ್ಲೋಫೆನಾಕ್ ಬೇರೆ ಹೆಸರಿನ ಅದೇ ವಿಷ. ದನದ ದೇಹದೊಳಗೆ ಅದು ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ನಿಮೆಸುಲೈಡ್ ಗುಜರಾತಿನಲ್ಲಿ ಸತ್ತ ಬಿಳಿಬೆನ್ನಿನ ರಣಹದ್ದುಗಳ ಅಂಗಾಂಗಗಳಲ್ಲಿ ಸಿಕ್ಕಿತ್ತು, ಅದೇ ಬಿಳಿ ಪದರದ ಜೊತೆ. ಹಳೆಯ ದಾಸ್ತಾನು, ಮಿಶ್ರ ಔಷಧಗಳು ಅಲ್ಲಲ್ಲಿ ಉಳಿದಿರುತ್ತವೆ. ಆದ್ದರಿಂದ ಲೇಬಲ್ಲಿನಲ್ಲಿ ಎರಡು ಮೂರು ಔಷಧ ಸೇರಿಸಿದ ಬಾಟಲಿ ಕಂಡರೆ ಪ್ರತಿಯೊಂದರ ಹೆಸರೂ ಓದಿ.

ಹಾಗಾದರೆ ಏನು ಕೊಡಬಹುದು? ಮೆಲಾಕ್ಸಿಕ್ಯಾಮ್ ಒಂದೇ ಇರುವ ಇಂಜೆಕ್ಷನ್ ನನ್ನ ಮೊದಲ ಆಯ್ಕೆ. 2006ರಲ್ಲಿ ರಣಹದ್ದುಗಳ ಮೇಲೆಯೇ ಪರೀಕ್ಷಿಸಿ ಸುರಕ್ಷಿತ ಎಂದು ಕಂಡುಕೊಂಡರು. ಮೃಗಾಲಯಗಳಲ್ಲಿ ಸುಮಾರು 60 ಜಾತಿಯ 700ಕ್ಕೂ ಹೆಚ್ಚು ಹಕ್ಕಿಗಳಿಗೆ ಕೊಟ್ಟಾಗಲೂ ತೊಂದರೆ ವರದಿಯಾಗಲಿಲ್ಲ. ಎರಡನೆಯದು ಟೋಲ್ಫೆನಾಮಿಕ್ ಆಮ್ಲ. ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಪರೀಕ್ಷೆಗಳ ನಂತರ ಅದನ್ನೂ ರಣಹದ್ದಿಗೆ ಸುರಕ್ಷಿತ ಔಷಧಗಳ ಸಾಲಿಗೆ ಸೇರಿಸಿದ್ದಾರೆ. ಅದರ ಪ್ರಮಾಣ ಕಿಲೋಗೆ 2 ಮಿಲಿಗ್ರಾಂ, ಬೇಕಾದರೆ 48 ಗಂಟೆ ಬಿಟ್ಟು ಇನ್ನೊಮ್ಮೆ. ಫ್ಲೂನಿಕ್ಸಿನ್ ಬಗ್ಗೆ ಕೆಲವರು ಒಲವು ತೋರುತ್ತಾರೆ, ಕೆಚ್ಚಲು ಬಾವಿನ ಜ್ವರಕ್ಕೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ 2012ರಲ್ಲಿ ಸ್ಪೇನಿನಲ್ಲಿ ಸತ್ತ ಒಂದು ಗ್ರಿಫನ್ ರಣಹದ್ದಿನಲ್ಲಿ ಫ್ಲೂನಿಕ್ಸಿನ್ ಸಿಕ್ಕಿದೆ, ಅದೇ ಮೂತ್ರಪಿಂಡದ ಹಾನಿಯೊಂದಿಗೆ. ಸತ್ತ ರಾಸನ್ನು ಬಯಲಿಗೆ ಬಿಡುವ ಊರಿನಲ್ಲಿ ಅದನ್ನು ಬಳಸಬೇಡಿ. ಕಾರ್ಪ್ರೊಫೆನ್ ಮಾತೂ ಅಷ್ಟೇ.

ನೋವಿನ ಔಷಧ ಯಾವುದಾದರೂ ಸರಿ, ಅದು ಕೆಚ್ಚಲು ಬಾವನ್ನು ವಾಸಿ ಮಾಡುವುದಿಲ್ಲ. ಊತ, ಜ್ವರ, ನೋವು ಇಳಿಸಿ ಹಸು ಮೇಯುವಂತೆ ಮಾಡುತ್ತದೆ, ಅಷ್ಟೇ. ಸೋಂಕಿತ ಮೊಲೆಯಿಂದ ಹಾಲನ್ನು ಪೂರ್ತಿ ಹಿಂಡಿ ತೆಗೆಯುವುದು, ಯಾವ ಆ್ಯಂಟಿಬಯೋಟಿಕ್ ಎಂಬುದನ್ನು ವೈದ್ಯರು ಸಾಧ್ಯವಾದರೆ ಹಾಲಿನ ಪರೀಕ್ಷೆ ನೋಡಿ ನಿರ್ಧರಿಸುವುದು, ಶುರು ಮಾಡಿದ ಕೋರ್ಸ್ ಮುಗಿಸುವುದು ಇದ್ದೇ ಇದೆ. ಇಂಜೆಕ್ಷನ್ನಿಗೆ ಮೊದಲು ಹಸು ನೀರು ಕುಡಿದಿದೆಯೇ ನೋಡಿ. ಕುತ್ತಿಗೆಯ ಚರ್ಮ ಹಿಡಿದೆತ್ತಿ ಬಿಟ್ಟಾಗ ಎರಡು ಸೆಕೆಂಡಿಗಿಂತ ಹೆಚ್ಚು ಎದ್ದೇ ನಿಂತಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ ದೇಹದಲ್ಲಿ ನೀರು ಕಡಿಮೆಯಾಗಿದೆ. ಅದನ್ನು ವೈದ್ಯರಿಗೆ ಹೇಳಿ. ಮೊದಲು ದ್ರವ ಕೊಟ್ಟು ಆಮೇಲೆ ನೋವಿನ ಔಷಧ ಕೊಡುತ್ತಾರೆ.

ಹಾಲಿನ ವಿಷಯದಲ್ಲಿ ನಿಮ್ಮ ಅಳುಕು ಸರಿಯಾದದ್ದು. ಯುರೋಪಿನ ನಿಯಮದಲ್ಲಿ ಹಸುವಿನ ಹಾಲಿನ ಪ್ರತಿ ಕಿಲೋದಲ್ಲಿ ಮೆಲಾಕ್ಸಿಕ್ಯಾಮ್ 15 ಮೈಕ್ರೋಗ್ರಾಂವರೆಗೆ ಇರಬಹುದು; ಡೈಕ್ಲೋಫೆನಾಕ್‌ಗೆ ಮಿತಿ 0.1 ಮೈಕ್ರೋಗ್ರಾಂ. ನೂರೈವತ್ತು ಪಟ್ಟು ಬಿಗಿ. ಮೆಲಾಕ್ಸಿಕ್ಯಾಮ್ ಕೊಟ್ಟ ಮೇಲೆ ಅಲ್ಲಿ ಐದು ದಿನ ಹಾಲನ್ನು, ಹದಿನೈದು ದಿನ ಮಾಂಸವನ್ನು ಬಳಸುವಂತಿಲ್ಲ. ನಿಮ್ಮ ಬಾಟಲಿಯ ಲೇಬಲ್ ಬೇರೆ ಅವಧಿ ಹೇಳಿದರೆ ಎರಡರಲ್ಲಿ ಉದ್ದವಾದುದನ್ನು ಪಾಲಿಸಿ. ಆ್ಯಂಟಿಬಯೋಟಿಕ್ ಕೂಡ ಕೊಟ್ಟಿದ್ದರೆ ಅದರ ಅವಧಿಯೂ ಮುಗಿಯಬೇಕು. ಮನುಷ್ಯರ ಡೈಕ್ಲೋಫೆನಾಕ್ ಆಂಪೂಲಿನ ಮೇಲೆ ಹಾಲಿನ ಅವಧಿಯೇ ಬರೆದಿರುವುದಿಲ್ಲ, ಏಕೆಂದರೆ ಹಸುವಿಗೆ ಕೊಡುವುದಕ್ಕೆ ಅದನ್ನು ತಯಾರಿಸಿಲ್ಲ. ಕುದಿಸಿದರೆ ಔಷಧ ಹೋಗುತ್ತದೆ ಎಂದು ನಂಬಬೇಡಿ. ನಿಮ್ಮ ಮನೆಯ ಘಟನೆಗೆ ತಿಂಗಳಾಗಿರುವುದರಿಂದ ಈಗ ಆ ಹಸುವಿನ ಹಾಲಿಗೆ ಭಯಪಡಬೇಕಿಲ್ಲ.

ಔಷಧ ಕೊಟ್ಟ ರಾಸು ಸತ್ತರೆ ಏನು ಮಾಡಬೇಕು? ಕಳೆದ ಎರಡು ವಾರಗಳಲ್ಲಿ ಯಾವ ನೋವಿನ ಔಷಧ ಹೋಗಿದೆ ಎಂದು ಮೊದಲು ನೋಡಿ. ಮೆಲಾಕ್ಸಿಕ್ಯಾಮ್ ಅಥವಾ ಟೋಲ್ಫೆನಾಮಿಕ್ ಬಿಟ್ಟು ಬೇರೇನಾದರೂ ಇದ್ದರೆ, ಅಥವಾ ಏನು ಕೊಟ್ಟರೆಂದೇ ತಿಳಿಯದಿದ್ದರೆ, ಹೂಳುವುದೊಂದೇ ದಾರಿ. ನೋವಿಲ್ಲದ ಸಾವಿಗೆಂದು ಕೊಡುವ ಪೆಂಟೊಬಾರ್ಬಿಟಾಲ್ ಹೋಗಿದ್ದರೂ ಅಷ್ಟೇ, ಅದು ಹೆಣ ತಿಂದ ಪ್ರಾಣಿ ಪಕ್ಷಿಗಳನ್ನು ನೇರವಾಗಿ ಕೊಲ್ಲುತ್ತದೆ. ಗುಂಡಿ ಕನಿಷ್ಠ ಆರು ಅಡಿ ಆಳವಿರಲಿ, ಬಾವಿ, ಕೊಳವೆಬಾವಿ, ಹಳ್ಳದಿಂದ ದೂರವಿರಲಿ. ಹೆಣದ ಕೆಳಗೂ ಮೇಲೂ ಸುಣ್ಣ ಹರಡಿ; ಮೇಲೆ ಕನಿಷ್ಠ ಮೂರು ಅಡಿ ಮಣ್ಣು ಬೀಳಬೇಕು, ಕಲ್ಲು ಮುಳ್ಳು ಹೇರಬೇಕು. ಗುಂಡಿ ಆಳ ಕಡಿಮೆಯಾದರೆ ಎರಡನೇ ರಾತ್ರಿಗೇ ನಾಯಿ ತೋಡುತ್ತವೆ. ಸಾಮಾನ್ಯವಾಗಿ ತಪ್ಪಾಗುವುದು ಇಲ್ಲೇ.

ರಾಸು ದಿಢೀರನೆ ಸತ್ತು ಬಾಯಿ, ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ, ಹೊಟ್ಟೆ ಬೇಗ ಉಬ್ಬಿ ಕಾಲುಗಳು ಸೆಟೆಯದೆ ಇದ್ದರೆ ಅದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಇರಬಹುದು. ಅಂಥ ಹೆಣವನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಎಳೆದಾಡಬೇಡಿ. ಗಾಳಿ ತಾಗಿದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೀಜಕಗಳಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಮಕ್ಕಳನ್ನೂ ನಾಯಿಗಳನ್ನೂ ದೂರವಿಟ್ಟು ಪಶುವೈದ್ಯರನ್ನು ಕರೆಸಿ, ಅವರು ಬರುವವರೆಗೆ ಹೆಣದ ಹತ್ತಿರ ಹೋಗಬೇಡಿ.

ಪಕ್ಕದ ಮನೆಯವರ ಬಳಿ ಇನ್ನೂ ಆಂಪೂಲ್ ಉಳಿದಿದ್ದರೆ ಕೊಟ್ಟಿಗೆಯ ಕಪಾಟಿನಿಂದ ಅವನ್ನು ಮೊದಲು ತೆಗೆಸಿ. ಮನುಷ್ಯರಿಗೆ ವೈದ್ಯರು ಬರೆದುಕೊಟ್ಟಾಗ ಅದು ಒಳ್ಳೆಯ ಔಷಧವೇ, ಮನೆಯವರ ಔಷಧದ ಡಬ್ಬಿಯಲ್ಲಿ ಬೇರೆಯಾಗಿರಲಿ. ಅದರ ಜಾಗಕ್ಕೆ ಪಶುವೈದ್ಯರನ್ನು ಕೇಳಿ ಮೆಲಾಕ್ಸಿಕ್ಯಾಮಿನ ಗಟ್ಟಿ ದ್ರಾವಣದ ಒಂದು ಬಾಟಲಿ ತರಿಸಿಟ್ಟು, ನಿಮ್ಮ ಏಳೂ ರಾಸುಗಳ ತೂಕ ಮತ್ತು ಪ್ರತಿಯೊಂದಕ್ಕೆ ಬೇಕಾದ ಮಿಲಿಲೀಟರನ್ನು ಅವರ ಕೈಯಲ್ಲೇ ಒಂದು ಚೀಟಿಗೆ ಬರೆಸಿ ಬಾಟಲಿಗೆ ಅಂಟಿಸಿಕೊಳ್ಳಿ. ರಾತ್ರಿ ಹೊತ್ತು ಜ್ವರ ಏರಿ ಫೋನಿನಲ್ಲಿ ಅವರ ಸಲಹೆ ಕೇಳುವಾಗ ಆ ಚೀಟಿ ನಿಮ್ಮಿಬ್ಬರಿಗೂ ಉಪಯೋಗಕ್ಕೆ ಬರುತ್ತದೆ.